ಏಕಾದಶಿಯ ಮರುದಿನ ಬೀಳುತ್ತಿದ್ದ ದೊಡ್ಡಜ್ಜ: ಹೊಟ್ಟೆಯೊಳಗಿನ ಹಾರ್ಮೋನು ಗೆಡ್ಡೆಯನ್ನು ಹಿಡಿದ ಚರಿತ್ರೆ

ನನ್ನ ಅಜ್ಜಿಗೆ ಒಬ್ಬರು ಅಣ್ಣ ಇದ್ದರು. ನಾವು ಮಕ್ಕಳೆಲ್ಲ ದೊಡ್ಡಜ್ಜ ಎನ್ನುತ್ತಿದ್ದೆವು. ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದಲ್ಲಿ ಅವರ ಅಡಿಕೆ ತೋಟ. ಏಕಾದಶಿ ತಪ್ಪಿಸಿದವರಲ್ಲ. ದಶಮಿ ರಾತ್ರಿ ಫಲಾಹಾರ ಮಾಡಿದರೆ ಮತ್ತೆ ಬಾಯಿಗೆ ಏನಾದರೂ ಬೀಳುವುದು ದ್ವಾದಶಿ ಬೆಳಿಗ್ಗೆ ಪಾರಣೆಗೇ.

ಅವರಿಗೆ ಐವತ್ತು ದಾಟಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ದ್ವಾದಶಿ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದು ಕೂರುತ್ತಿದ್ದರು. ಮೈಯೆಲ್ಲ ಬೆವರು, ಕೈ ನಡುಕ, ಬಾಯಲ್ಲಿ ಸಂಬಂಧವಿಲ್ಲದ ಮಾತು. ಒಮ್ಮೆ ಹೆಂಡತಿಯನ್ನೇ "ನೀವು ಯಾವ ಊರಿನವರು?" ಎಂದು ಕೇಳಿದರಂತೆ. ದೊಡ್ಡಜ್ಜಿ ಹೆದರಿ ಬೆಲ್ಲದ ನೀರು ಬಾಯಿಗೆ ಹಾಕಿದರೆ ಕಾಲು ಗಂಟೆಯಲ್ಲಿ ಮನುಷ್ಯ ಸರಿ. ಆದದ್ದು ಒಂದೂ ನೆನಪಿಲ್ಲ. ಮತ್ತೆ ಹಾರೆ ಹಿಡಿದು ತೋಟಕ್ಕೆ ಹೊರಡುವುದೇ.

ಕ್ರಮೇಣ ಏಕಾದಶಿಯೇ ಬೇಕೆಂದಿರಲಿಲ್ಲ. ರಾತ್ರಿಯಿಡೀ ಆಟ ನೋಡಿ ಬಂದ ಬೆಳಗಿನ ಜಾವ, ತಿಂಡಿ ತಡವಾದ ದಿನ, ಸೋಗೆ ಎಳೆದು ಸುಸ್ತಾದಾಗ, ಹೀಗೆ. ತೋಟದ ಮೂಲೆಯ ಕಲ್ಲಿಗೆ ತಂಬಿಲ ಕೊಡದೆ ಎಷ್ಟು ವರ್ಷವಾಯಿತು ಎಂದು ಒಬ್ಬರು ಕೇಳಿದರು. ತಂಬಿಲ ಕೊಟ್ಟಾಯಿತು. ಪ್ರಶ್ನೆ ಇಟ್ಟು ನೋಡಿದ್ದೂ ಆಯಿತು. ಪೇಟೆಯ ಆಸ್ಪತ್ರೆಯಲ್ಲಿ ಫಿಟ್ಸ್ ಎಂದು ಬರೆದು ಮಾತ್ರೆ ಕೊಟ್ಟರು, ಮೂರು ವರ್ಷ ನುಂಗಿದರು. ಇನ್ನೊಬ್ಬರು ಮನಸ್ಸಿನ ಕಾಯಿಲೆ ಎಂದರು. ಈ ನಡುವೆ ದೊಡ್ಡಜ್ಜ ದಪ್ಪವಾಗುತ್ತ ಹೋದರು, ಯಾಕೆಂದರೆ ತಿಂದರೆ ಆರಾಮ ಎಂದು ಅವರ ಮೈಗೇ ಗೊತ್ತಾಗಿತ್ತು. ಜೇಬಿನಲ್ಲಿ ಯಾವಾಗಲೂ ಒಂದು ಬೆಲ್ಲದಚ್ಚು.

ಕೊನೆಗೆ ಹಿಡಿದದ್ದು ಒಬ್ಬ ಸಣ್ಣ ಪ್ರಾಯದ ಡಾಕ್ಟರು. ಮನೆಗೆ ಬಂದಾಗ ದೊಡ್ಡಜ್ಜ ಜಗಲಿಯಲ್ಲಿ ಬಿದ್ದಿದ್ದರು. ದೊಡ್ಡಜ್ಜಿ ಬೆಲ್ಲದ ನೀರು ತರುವ ಮೊದಲು ಆ ಡಾಕ್ಟರು ಬೆರಳು ಚುಚ್ಚಿ ರಕ್ತದ ಶುಗರ್ ನೋಡಿದರು. 38. ಇನ್ನೊಮ್ಮೆ ನೋಡಿದರು, ಅಷ್ಟೇ ಬಂತು. ಆಮೇಲೆ ಬೆಲ್ಲದ ನೀರು ಕೊಡಿಸಿ, ಎದ್ದು ಕೂತವರ ಹತ್ತಿರ "ಅಜ್ಜ, ನಿಮಗೆ ಫಿಟ್ಸ್ ಅಲ್ಲ" ಎಂದರು.

ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಚರಿತ್ರೆ ಉಂಟು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಈ ಬರಹ ಅದರ ಬಗ್ಗೆ.

ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಎಂಬುದೊಂದು ಅಡ್ಡ ಮಲಗಿಕೊಂಡಿದೆ. ಡಾಕ್ಟರುಗಳ ಬಾಯಲ್ಲಿ ಪ್ಯಾಂಕ್ರಿಯಾಸ್. ಊಟ ಜೀರ್ಣ ಮಾಡುವ ರಸ ಕೊಡುವುದು ಅದರ ಕೆಲಸ ಎಂದು ಹಿಂದಿನಿಂದ ಗೊತ್ತಿತ್ತು. 1869ರಲ್ಲಿ ಬರ್ಲಿನ್‌ನಲ್ಲಿ ಓದುತ್ತಿದ್ದ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಹುಡುಗ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಮಧ್ಯೆ ಮಧ್ಯೆ ಬೇರೆಯೇ ತರಹದ ಕೋಶಗಳ ಗುಂಪುಗಳನ್ನು ಕಂಡ. ಹೊಳೆಯ ನಡುವೆ ಕುದ್ರುಗಳಿದ್ದ ಹಾಗೆ. ಅವು ಏನು ಮಾಡುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಅವಕ್ಕೆ ಅವನದೇ ಹೆಸರು ಬಂತು, ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂದು. ಮರುವರ್ಷ ಹೈಡೆನ್‌ಹೈನ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಜಠರದ ಒಳಪೊರೆಯಲ್ಲೂ ಇಂಥ ಒಂಟಿ ಕೋಶಗಳು ಅಲ್ಲಲ್ಲಿ ಚದುರಿರುವುದನ್ನು ಗುರುತಿಸಿದ.

ಆ ಕಾಲಕ್ಕೆ ಮಂಗಳೂರಿನಲ್ಲಿ ವೆನ್‌ಲಾಕ್ ಆಸ್ಪತ್ರೆ ಶುರುವಾಗಿ ಇಪ್ಪತ್ತು ವರ್ಷ ಕಳೆದಿತ್ತು, ಅದರ ಆರಂಭ 1848. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಬಡವರಿಗೆ ಔಷಧ ಕೊಡಲು ಆರಂಭಿಸಿದ್ದು 1880ರಲ್ಲಿ. ಬಂಟ್ವಾಳದಿಂದ ಅಲ್ಲಿಗೆ ಹೋಗುವುದೆಂದರೆ ನೇತ್ರಾವತಿಯಲ್ಲಿ ದೋಣಿ ಇಲ್ಲವೇ ಎತ್ತಿನ ಗಾಡಿ. ಆಗ ದೊಡ್ಡಜ್ಜನಂಥವರು ಇದ್ದಿದ್ದರೆ ಹೆಸರೇ ಇಲ್ಲದ ರೋಗದಲ್ಲಿ ಹೋಗಿಬಿಡುತ್ತಿದ್ದರು. ಲಂಡನ್ನಿನಲ್ಲಿ ಇದ್ದರೂ ಅಷ್ಟೇ, ಅಲ್ಲಿಯೂ ಯಾರಿಗೂ ಇದು ಗೊತ್ತಿರಲಿಲ್ಲ.

1902ರ ಜನವರಿಯಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಕರುಳಿಗೂ ಮೇದೋಜೀರಕಕ್ಕೂ ಇರುವ ನರಗಳನ್ನೆಲ್ಲ ಕತ್ತರಿಸಿದರೂ, ಕರುಳಿಗೆ ಹುಳಿ ಬಿದ್ದ ಕೂಡಲೇ ಮೇದೋಜೀರಕ ರಸ ಸುರಿಸುತ್ತಿತ್ತು. ನರ ಇಲ್ಲದೆ ಸುದ್ದಿ ಮುಟ್ಟಿಸಿದವರು ಯಾರು? ರಕ್ತದಲ್ಲಿ ಹರಿದುಹೋಗುವ ಒಂದು ರಾಸಾಯನಿಕ. ಅದಕ್ಕೆ ಸೆಕ್ರೆಟಿನ್ ಎಂದರು. ಮೂರು ವರ್ಷ ಬಿಟ್ಟು ಸ್ಟಾರ್ಲಿಂಗ್ ಇಂಥ ಎಲ್ಲ ಪದಾರ್ಥಗಳಿಗೂ ಸೇರಿ ಹಾರ್ಮೋನ್ ಎಂಬ ಪದ ಬಳಸಿದ. ಥೈರಾಯ್ಡಿಗೋ ಹೆಂಗಸರ ತೊಂದರೆಗೋ ಸಂಬಂಧಪಟ್ಟದ್ದು ಎಂದು ನಾವು ತಿಳಿದಿರುವ ಈ ಶಬ್ದ ಹುಟ್ಟಿದ್ದೇ ಕರುಳಿನ ಪ್ರಯೋಗದಿಂದ.

ಇನ್ನು ದೊಡ್ಡಜ್ಜನ ರೋಗಕ್ಕೆ ಬರೋಣ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿ ಒಬ್ಬ ಹುಡುಗನಿಗೆ ಇನ್ಸುಲಿನ್ ಇಂಜೆಕ್ಷನ್ ಕೊಟ್ಟರು. ಸಕ್ಕರೆ ಕಾಯಿಲೆಯ ಮಕ್ಕಳು ಬದುಕಿಕೊಳ್ಳಲು ಶುರುವಾದದ್ದು ಅಲ್ಲಿಂದ. ಆದರೆ ಅದರ ಜೊತೆ ಹೊಸದೊಂದು ದೃಶ್ಯವನ್ನೂ ಡಾಕ್ಟರುಗಳು ನೋಡಿದರು. ಇನ್ಸುಲಿನ್ ಸ್ವಲ್ಪ ಜಾಸ್ತಿಯಾದರೆ ರೋಗಿ ಬೆವರುತ್ತಾನೆ, ನಡುಗುತ್ತಾನೆ, ಏನೇನೋ ಮಾತಾಡುತ್ತಾನೆ, ಮೂರ್ಛೆ ಹೋಗುತ್ತಾನೆ. ಸಕ್ಕರೆ ಕೊಟ್ಟರೆ ಏಳುತ್ತಾನೆ. ಅಮೆರಿಕದ ಅಲಬಾಮಾದ ಸೀಲ್ ಹ್ಯಾರಿಸ್ ಎಂಬ ವೈದ್ಯರಿಗೆ, ಇನ್ಸುಲಿನ್ ತೆಗೆದುಕೊಳ್ಳದ ಕೆಲವರಲ್ಲೂ ಇದೇ ಲಕ್ಷಣ ಇದೆಯಲ್ಲ, ಅವರ ಮೈಯೇ ಇನ್ಸುಲಿನ್ ಹೆಚ್ಚು ಮಾಡುತ್ತಿರಬಹುದೇ ಎಂದು ಹೊಳೆಯಿತು. 1924ರಲ್ಲಿ ಹಾಗೆಂದು ಬರೆದರು.

ಸಾಕ್ಷಿ ಸಿಕ್ಕಿದ್ದು ಮಿನೆಸೋಟ ರಾಜ್ಯದ ಮೇಯೊ ಕ್ಲಿನಿಕ್‌ನಲ್ಲಿ. ರೋಗಿ ಸ್ವತಃ ಮೂಳೆ ಆಪರೇಷನ್ ಮಾಡುವ ಸರ್ಜನ್. ಪದೇ ಪದೇ ಸಕ್ಕರೆ ಇಳಿದು ಬೀಳುತ್ತಿದ್ದರು. 1926ರ ಕೊನೆಗೆ ವಿಲಿಯಂ ಮೇಯೊ ಅವರ ಹೊಟ್ಟೆ ತೆರೆದು ನೋಡಿದರೆ ಮೇದೋಜೀರಕದಲ್ಲಿ ಗೆಡ್ಡೆ, ಅದು ಲಿವರಿಗೂ ಹರಡಿದೆ. ತೆಗೆಯುವ ಹಾಗಿರಲಿಲ್ಲ, ಕೆಲವೇ ವಾರಗಳಲ್ಲಿ ರೋಗಿ ತೀರಿಕೊಂಡರು. ಲಿವರಿಗೆ ಹರಡಿದ್ದ ಗೆಡ್ಡೆಯ ಸಾರ ತೆಗೆದು ಮೊಲಗಳಿಗೆ ಚುಚ್ಚಿದಾಗ ಅವುಗಳ ರಕ್ತದ ಸಕ್ಕರೆಯೂ ಇಳಿಯಿತು. ಅಂದರೆ ಇನ್ಸುಲಿನ್ ಮಾಡುತ್ತಿದ್ದದ್ದು ಆ ಗೆಡ್ಡೆಯೇ. ಜೀರ್ಣಾಂಗದ ಒಂದು ಗೆಡ್ಡೆ ಜಾಗ ತಿಂದು ಮಾತ್ರ ಅಲ್ಲ, ಹಾರ್ಮೋನು ಸುರಿದೂ ಮನುಷ್ಯನನ್ನು ಬೀಳಿಸಬಲ್ಲದು ಎಂದು 1927ರಲ್ಲಿ ಲೋಕಕ್ಕೆ ತಿಳಿಯಿತು.

ಎರಡೇ ವರ್ಷದಲ್ಲಿ, 1929ರಲ್ಲಿ, ಟೊರಾಂಟೊದ ಸರ್ಜನ್ ರಾಸ್ಕೊ ಗ್ರಹಾಂ ಇಂಥದ್ದೇ ತೊಂದರೆಯ ಒಬ್ಬ ಹೆಂಗಸಿನ ಮೇದೋಜೀರಕದಿಂದ ಗೆಡ್ಡೆ ತೆಗೆದರು. ಆಕೆ ಗುಣವಾದರು. ಇನ್ಸುಲಿನ್ ಕಂಡುಹಿಡಿದ ಅದೇ ಊರಿನಲ್ಲಿ ಜಾಸ್ತಿಯಾದ ಇನ್ಸುಲಿನ್ನಿಗೂ ಮೊದಲ ಪರಿಹಾರ ಸಿಕ್ಕಿತು.

ಇದರಿಂದ ಒಂದು ಎಡವಟ್ಟೂ ಆಯಿತು. ಸುಸ್ತು, ತಲೆತಿರುಗು ಎಂದು ಬಂದವರ ಹೊಟ್ಟೆಯನ್ನೆಲ್ಲ ತೆರೆದು ನೋಡುವ ಅಪಾಯ ಕಾಣಿಸಿತು. ಅದಕ್ಕೊಂದು ಕಡಿವಾಣ ಹಾಕಿದವರು ನ್ಯೂಯಾರ್ಕಿನ ಸರ್ಜನ್ ಆಲನ್ ವಿಪಲ್. 1935ರಲ್ಲಿ ಅವರು ಕೇಳಿದ್ದು ಮೂರೇ ಪ್ರಶ್ನೆ. ಹಸಿದಿರುವಾಗ ಅಥವಾ ದುಡಿದಾಗ ತೊಂದರೆ ಬರುತ್ತದೆಯೇ? ಬಂದ ಹೊತ್ತಿಗೇ ರಕ್ತದ ಸಕ್ಕರೆ ಕಡಿಮೆ ಇರುತ್ತದೆಯೇ? ಸಕ್ಕರೆ ಕೊಟ್ಟರೆ ಸರಿಹೋಗುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಚೂರಿ ಹಿಡಿಯಿರಿ ಎಂದರು. ತೊಂಬತ್ತು ವರ್ಷವಾಯಿತು, ಈಗಲೂ ಮೆಡಿಕಲ್ ಕಾಲೇಜುಗಳಲ್ಲಿ ಇದೇ ಪಾಠ.

ನನಗೆ ಇದನ್ನು ಓದುವಾಗ ಹೊಟ್ಟೆ ಚುರುಕ್ ಎಂದಿತು. ಮೊದಲನೆಯ ಪ್ರಶ್ನೆಗೂ ಮೂರನೆಯದಕ್ಕೂ ಉತ್ತರ ದೊಡ್ಡಜ್ಜಿಗೆ ಮೊದಲ ದಿನದಿಂದ ಗೊತ್ತಿತ್ತು. ಏಕಾದಶಿಯ ಮರುದಿನ ಬೀಳುತ್ತಾರೆ, ಬೆಲ್ಲದ ನೀರಿಗೆ ಏಳುತ್ತಾರೆ. ಆಸ್ಪತ್ರೆಯಲ್ಲಿ ಆಕೆಯನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಡಾಕ್ಟರರ ಎದುರು ಬೆಲ್ಲದ ನೀರಿನ ವಿಷಯ ಎತ್ತಿದರೆ ಬೈಯುತ್ತಾರೋ ಎಂದು ಹೆದರಿಕೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಬಿದ್ದ ಹೊತ್ತಿಗೇ ರಕ್ತ ನೋಡಬೇಕಿತ್ತು. ಬಸ್ಸು ಹಿಡಿದು ಪೇಟೆಗೆ ಹೋಗಿ, ಮಧ್ಯೆ ಬಿಸ್ಕಿಟ್ ತಿಂದು ಚಾ ಕುಡಿದು, ಸಾಲಿನಲ್ಲಿ ಕೂತು ರಕ್ತ ಕೊಟ್ಟರೆ ಶುಗರ್ ನಾರ್ಮಲ್ ಬಾರದೆ ಇನ್ನೇನು?

ಬಿದ್ದ ಹೊತ್ತಿಗೆ ನೋಡಲು ಆಗದಿದ್ದರೆ ಡಾಕ್ಟರರೇ ಬೀಳಿಸಿ ನೋಡುತ್ತಾರೆ. ರೋಗಿಯನ್ನು ಆಸ್ಪತ್ರೆಗೆ ಸೇರಿಸಿ ಉಪವಾಸ ಹಾಕುವುದು ಈ ರೋಗದ ಮುಖ್ಯ ಪರೀಕ್ಷೆ. ಹೆಚ್ಚೆಂದರೆ 72 ಗಂಟೆ, ಮೂರು ದಿನ. ನೀರು ಕುಡಿಯಬಹುದು, ನಡೆದಾಡಬೇಕು. ಗಂಟೆ ಲೆಕ್ಕದಲ್ಲಿ ರಕ್ತ ತೆಗೆಯುತ್ತಿರುತ್ತಾರೆ. ಆರೋಗ್ಯವಂತರು ಮೂರು ದಿನ ಉಪವಾಸವಿದ್ದರೂ ಮೈ ತನ್ನ ಇನ್ಸುಲಿನ್ನನ್ನು ತಾನೇ ಕಟ್ಟಿಹಾಕಿ ಸಕ್ಕರೆಯನ್ನು ಕಾಪಾಡಿಕೊಳ್ಳುತ್ತದೆ. ನಮ್ಮ ಊರಿನಲ್ಲಿ ಅಷ್ಟು ಮಂದಿ ಏಕಾದಶಿ ಮಾಡಿ, ಬಂಟ್ವಾಳದ ಕಡೆ ಅಷ್ಟು ಮಂದಿ ರಂಜಾನಿಗೆ ಉಪವಾಸ ಹಿಡಿದು ಆರಾಮ ಇರುವುದು ಹಾಗೆ. ಗೆಡ್ಡೆಗೆ ಆ ಶಿಸ್ತು ಇಲ್ಲ. ಮನೆಯಲ್ಲಿ ಅಕ್ಕಿ ಇರಲಿ ಇಲ್ಲದಿರಲಿ ಅದು ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಈ ರೋಗ ಇರುವವರಲ್ಲಿ ಹೆಚ್ಚಿನವರು ಎರಡು ದಿನದೊಳಗೇ ಬೀಳುತ್ತಾರೆ. ಸಕ್ಕರೆ 55ಕ್ಕಿಂತ ಕೆಳಗೆ ಬಂದು, ತೊಂದರೆಯೂ ಕಾಣಿಸಿ, ಅದೇ ರಕ್ತದಲ್ಲಿ ಇನ್ಸುಲಿನ್ ಇರಬಾರದಷ್ಟು ಇದ್ದರೆ ಕಳ್ಳ ಸಿಕ್ಕಿದ ಹಾಗೆ. ದೊಡ್ಡಜ್ಜ ರಾತ್ರಿ ಊಟ ಬಿಟ್ಟು ಮರುದಿನ ಮಧ್ಯಾಹ್ನದವರೆಗೂ ತಡೆಯಲಿಲ್ಲ.

(ದಯವಿಟ್ಟು ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ಸಕ್ಕರೆ ತೀರಾ ಇಳಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳುತ್ತದೆ, ಜೀವವೂ ಹೋಗಬಹುದು. ಇನ್ನೊಂದು ಮಾತು: ನಮ್ಮ ಹಳ್ಳಿಗಳಲ್ಲಿ ಸಕ್ಕರೆ ಇಳಿದು ಬೀಳುವವರಲ್ಲಿ ಹೆಚ್ಚಿನವರಿಗೆ ಗೆಡ್ಡೆ ಇರುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟವರು, ಇನ್ಸುಲಿನ್ ಲೆಕ್ಕ ತಪ್ಪಿದವರು ಅವರು. ಹೆಂಡತಿಯ ಬಿಪಿ ಮಾತ್ರೆ ಎಂದು ತಿಳಿದು ಗಂಡನ ಶುಗರ್ ಮಾತ್ರೆ ನುಂಗುವುದೂ ಉಂಟು. ಅದಕ್ಕೇ ಈ ಪರೀಕ್ಷೆಯಲ್ಲಿ ಶುಗರ್ ಮಾತ್ರೆಯ ಅಂಶ ರಕ್ತದಲ್ಲಿ ಇದೆಯೇ ಎಂದೂ ನೋಡುತ್ತಾರೆ. ಇನ್ಸುಲಿನ್ ಹೊರಗಿನಿಂದ ಚುಚ್ಚಿದ್ದೋ ಒಳಗೇ ಹುಟ್ಟಿದ್ದೋ ಎಂದು ಹೇಳುವುದು ಸಿ-ಪೆಪ್ಟೈಡ್ ಎಂಬ ಇನ್ನೊಂದು ಪರೀಕ್ಷೆ.)

ಇಷ್ಟೆಲ್ಲ ಹೇಳಿದೆ, ಆದರೆ ವಿಪಲ್ ಕಾಲದಲ್ಲಿ ರಕ್ತದ ಇನ್ಸುಲಿನ್ ಅಳೆಯುವ ದಾರಿಯೇ ಇರಲಿಲ್ಲ. ಹಾರ್ಮೋನು ರಕ್ತದಲ್ಲಿ ಇರುವುದು ಅತಿ ಅತಿ ಸ್ವಲ್ಪ. ಅದನ್ನು ಅಳೆದು ತೋರಿಸಿದವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ರೊಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್. 1960ರ ಹೊತ್ತಿಗೆ ವಿಕಿರಣ ಸೂಸುವ ಗುರುತು ಹಚ್ಚಿದ ಇನ್ಸುಲಿನ್ ಬಳಸಿ ರಕ್ತದ ಇನ್ಸುಲಿನ್ನನ್ನು ಲೆಕ್ಕ ಹಾಕುವ ವಿಧಾನವನ್ನು ಅವರು ಸಿದ್ಧಪಡಿಸಿದ್ದರು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಯಾಲೊ ಅವರಿಗೆ ಬಂತು. ಈಗ ಥೈರಾಯ್ಡ್ ಟೆಸ್ಟ್ ಎಂದು ಮೂಡುಬಿದಿರೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಬರುತ್ತೇವಲ್ಲ, ಆ ದಾರಿ ತೆರೆದದ್ದೂ ಅವರೇ.

ಎಲ್ಲ ಗೆಡ್ಡೆಯೂ ಇನ್ಸುಲಿನ್ ಮಾಡುವುದಿಲ್ಲ. ಇನ್ನೊಂದು ಜಾತಿಯದ್ದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ ಹುಟ್ಟುತ್ತದೆ. 1890ರಲ್ಲಿ ಇಂಗ್ಲೆಂಡಿನ ರ‍್ಯಾನ್ಸಮ್ ಎಂಬ ವೈದ್ಯರು ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದರು. ಊಟ ಮಾಡಿದರೆ ಸಾಕು, ಭೇದಿ ಮತ್ತು ಉಬ್ಬಸ. ಸಣ್ಣ ಕರುಳಿನಲ್ಲೂ ಲಿವರಿನಲ್ಲೂ ಗೆಡ್ಡೆಗಳಿದ್ದವು. ಕರುಳಿನ ಗೆಡ್ಡೆಗೂ ಉಬ್ಬಸಕ್ಕೂ ಎಲ್ಲಿಯ ನಂಟು ಎಂದು ಯಾರಿಗೂ ಅರ್ಥವಾಗಲಿಲ್ಲ. 1907ರಲ್ಲಿ ಮ್ಯೂನಿಕ್‌ನ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಇಂಥ ಗೆಡ್ಡೆಗಳಿಗೆ "ಕಾರ್ಸಿನಾಯ್ಡ್" ಎಂದು ಹೆಸರಿಟ್ಟರು. ಕ್ಯಾನ್ಸರಿನಂತೆ ಕಾಣುತ್ತದೆ, ಆದರೆ ಕ್ಯಾನ್ಸರಿನಷ್ಟು ಕೆಟ್ಟದ್ದಲ್ಲ ಎಂಬ ಅರ್ಥ. ಆ ಹೆಸರೇ ಮುಂದೆ ತೊಂದರೆ ಮಾಡಿತು. "ಕೆಟ್ಟದ್ದಲ್ಲ" ಎಂಬ ಧೈರ್ಯದಲ್ಲಿ ಡಾಕ್ಟರುಗಳು ಅದನ್ನು ಹಗುರ ಮಾಡಿದರು. 1929ರಲ್ಲಿ ಓಬರ್ನ್‌ಡಾರ್ಫರ್ ತಾನೇ ಮುಂದೆ ಬಂದು, ಇಲ್ಲ, ಇವು ಹರಡಲೂಬಹುದು ಎಂದು ತಿದ್ದಿ ಬರೆದರು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ದೊಡ್ಡಸ್ತಿಕೆ ಎಲ್ಲರಿಗೂ ಬರುವುದಿಲ್ಲ. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. ಟರ್ಕಿಗೆ ಹೋಗಿ ಇಸ್ತಾಂಬುಲ್‌ನಲ್ಲಿ ಪಾಠ ಮಾಡಿ ಅಲ್ಲೇ 1944ರಲ್ಲಿ ತೀರಿಕೊಂಡರು.

ಊಟಕ್ಕೂ ಉಬ್ಬಸಕ್ಕೂ ಇರುವ ನಂಟು ಬಿಡಿಸಿದ್ದು 1950ರ ದಶಕ. ನಮ್ಮ ಕಡೆ ಡಾ. ಟಿ.ಎಂ.ಎ. ಪೈಗಳು ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದ 1953ರಲ್ಲೇ ಈ ಗೆಡ್ಡೆಗಳಲ್ಲಿ ಸೆರೊಟೋನಿನ್ ಎಂಬ ಪದಾರ್ಥ ತುಂಬಿದೆ ಎಂದು ಆಸ್ಟ್ರಿಯಾದ ಲೆಂಬೆಕ್ ತೋರಿಸಿದರು. ಮರುವರ್ಷ ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಮತ್ತು ಜೊತೆಗಾರರು ರೋಗದ ಪೂರ್ತಿ ಚಿತ್ರ ಬರೆದರು: ಲಿವರಿಗೆ ಹರಡಿದ ಕರುಳಿನ ಗೆಡ್ಡೆ, ಭೇದಿ, ಉಬ್ಬಸ, ಮುಖ ಕೆಂಪೇರುವುದು, ಹೃದಯದ ಬಲಭಾಗದ ಕವಾಟ ಹಾಳಾಗುವುದು. ಕರುಳಿನ ರಕ್ತ ಮೊದಲು ಲಿವರಿಗೆ ಹೋಗುತ್ತದೆ, ಅಲ್ಲಿ ಹಾರ್ಮೋನು ಶುದ್ಧವಾಗುತ್ತದೆ. ಅದಕ್ಕೇ ಗೆಡ್ಡೆ ಕರುಳಲ್ಲಿ ಮಾತ್ರ ಇರುವಾಗ ಲಕ್ಷಣ ಕಾಣುವುದಿಲ್ಲ. ಲಿವರಿಗೆ ಹರಡಿದ ಮೇಲೆ ಅದು ನೇರ ಹೃದಯದ ಬಲಭಾಗಕ್ಕೆ ನುಗ್ಗುತ್ತದೆ. ಗೊತ್ತಾಗುವಾಗಲೇ ತಡ ಆಗಿರುವುದು ಈ ಕಾರಣಕ್ಕೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮುಖ ಕೆಂಪೇರುವುದು ಎಂದು ಪುಸ್ತಕದಲ್ಲಿ ಬರೆದವರು ಬಿಳಿ ಚರ್ಮದವರನ್ನು ನೋಡಿ ಬರೆದವರು. ನಮ್ಮ ಬಣ್ಣದಲ್ಲಿ ಅದು ಕಣ್ಣಿಗೆ ಕಾಣದೇ ಹೋಗಬಹುದು. ಮುಖ ಕುತ್ತಿಗೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ ಎಂದು ರೋಗಿಯೇ ಹೇಳಬೇಕು. ಮುಟ್ಟು ನಿಲ್ಲುವ ಪ್ರಾಯದ ಹೆಂಗಸರು ಹೀಗೆ ಹೇಳಿದರೆ "ಈ ವಯಸ್ಸಿಗೆ ಹಾಗೆಯೇ" ಎಂದು ಕಳಿಸಿಬಿಡುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಮುಟ್ಟು ನಿಲ್ಲುವಾಗಿನ ಬಿಸಿಗೆ ಸಾಮಾನ್ಯವಾಗಿ ಬೆವರು ಬರುತ್ತದೆ, ಈ ಗೆಡ್ಡೆಯ ಬಿಸಿ ಹೆಚ್ಚಾಗಿ ಒಣ ಬಿಸಿ. ಜೊತೆಗೆ ತಿಂಗಳುಗಟ್ಟಲೆ ಭೇದಿ ಇದ್ದರೆ ಹಾಗೇ ಬಿಡುವ ವಿಷಯ ಅಲ್ಲ.

ಸೆರೊಟೋನಿನ್ ಮೈಯಲ್ಲಿ ಕರಗಿ 5-ಎಚ್‌ಐಎಎ ಎಂಬ ರೂಪದಲ್ಲಿ ಮೂತ್ರಕ್ಕೆ ಬರುತ್ತದೆ. 1955ರಲ್ಲಿ ಅದನ್ನು ಅಳೆಯುವ ಪರೀಕ್ಷೆ ಬಂತು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದೇ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಸ್ವಲ್ಪ ಕಾಲದಲ್ಲೇ ಒಂದು ತಮಾಷೆ ಬಯಲಾಯಿತು: ಗೆಡ್ಡೆಯೇ ಇಲ್ಲದವರ ಮೂತ್ರದಲ್ಲೂ ಅದು ಏರುತ್ತಿತ್ತು. ವಿಚಾರಿಸಿದರೆ ಅವರು ಬಾಳೆಹಣ್ಣು ತಿಂದವರು. ಬಾಳೆಹಣ್ಣಿನಲ್ಲೇ ಸೆರೊಟೋನಿನ್ ಇದೆ. ಅನಾನಸು, ಟೊಮೆಟೊ, ಅಕ್ರೋಟುಗಳಲ್ಲೂ ಇದೆ. ಇದರಿಂದ ಬಾಳೆಹಣ್ಣಿಗೇನೂ ದೋಷವಿಲ್ಲ, ಧಾರಾಳ ತಿನ್ನಿ. ಆದರೆ ಈ ಪರೀಕ್ಷೆ ಬರೆದುಕೊಟ್ಟರೆ ಮೊದಲಿನ ಎರಡು ಮೂರು ದಿನ ಬಿಡಬೇಕು, ಏನೇನು ಬಿಡಬೇಕೆಂದು ಲ್ಯಾಬಿನವರನ್ನು ಕೇಳಿ ಬರೆದುಕೊಳ್ಳಿ. ಊಟ ಮುಗಿದ ಕೂಡಲೇ ಗೊನೆಯಿಂದ ಒಂದು ಕದಳಿ ಕಿತ್ತು ತಿನ್ನುವ ನಮ್ಮ ಮನೆಗಳಲ್ಲಿ ಇದು ನೆನಪಿಡಬೇಕಾದ್ದು.

ಮೂರನೆಯ ಜಾತಿ ಜಠರದ ಹುಳಿ ಹೆಚ್ಚಿಸುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಸುರಿಯುವಂಥದ್ದು. 1955ರಲ್ಲಿ ಅಮೆರಿಕದ ಒಹಾಯೊದ ಝಾಲಿಂಜರ್ ಮತ್ತು ಎಲಿಸನ್ ಎಂಬ ಸರ್ಜನ್‌ಗಳು ಇಬ್ಬರು ಹೆಂಗಸರ ಕಥೆ ಹೇಳಿದರು. ಕರುಳಿನಲ್ಲಿ ಬರಬಾರದ ಜಾಗದಲ್ಲಿ ಹುಣ್ಣು, ಆಪರೇಷನ್ ಮಾಡಿದರೂ ಮತ್ತೆ ಮತ್ತೆ ಹುಣ್ಣು. ಇಬ್ಬರಿಗೂ ಮೇದೋಜೀರಕದಲ್ಲಿ ಗೆಡ್ಡೆ ಇತ್ತು. ಹುಳಿ ಕಡಿಮೆ ಮಾಡುವ ಒಳ್ಳೆಯ ಮಾತ್ರೆಗಳು ಬರುವ ತನಕ ಇಂಥವರ ಇಡೀ ಜಠರವನ್ನೇ ತೆಗೆಯುತ್ತಿದ್ದರು.

ಮಾತ್ರೆ ಬಂತು, ಜೊತೆಗೆ ಹೊಸ ಗೊಂದಲವೂ ಬಂತು. ಗ್ಯಾಸ್ ಮಾತ್ರೆ ಎಂದು ನಾವು ಮೆಡಿಕಲ್ಲಿನಿಂದ ಚೀಟಿಯಿಲ್ಲದೆ ತರುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಇವೆಯಲ್ಲ, ಅವು ಎರಡು ರೀತಿ ಕಣ್ಣು ಕಟ್ಟುತ್ತವೆ. ನಿಜವಾಗಿ ಗೆಡ್ಡೆ ಇದ್ದವರಲ್ಲಿ ಹುಣ್ಣನ್ನು ಅಡಗಿಸಿ ವರ್ಷಗಟ್ಟಲೆ ರೋಗವನ್ನು ಮರೆಮಾಡುತ್ತವೆ. ಗೆಡ್ಡೆ ಇಲ್ಲದವರಲ್ಲಿ ರಕ್ತದ ಗ್ಯಾಸ್ಟ್ರಿನ್ನನ್ನೂ, ಈ ಎಲ್ಲ ಗೆಡ್ಡೆಗಳಿಗೆ ನೋಡುವ ಕ್ರೋಮೋಗ್ರಾನಿನ್-ಎ ಎಂಬ ಗುರುತನ್ನೂ ಸುಮ್ಮನೆ ಏರಿಸಿ ಹೆದರಿಸುತ್ತವೆ. ರಕ್ತ ಕೊಡುವಾಗ ಈ ಮಾತ್ರೆ ನುಂಗುತ್ತಿದ್ದೇನೆ ಎಂದು ಹೇಳುವುದು ಬಹಳ ಮುಖ್ಯ. ಹಾಗೆಂದು ತಾನಾಗಿಯೇ ನಿಲ್ಲಿಸಬಾರದು. ಗೆಡ್ಡೆ ಇದ್ದವರು ಒಮ್ಮೆಲೇ ನಿಲ್ಲಿಸಿದರೆ ಹುಣ್ಣು ಒಡೆದು ರಕ್ತ ಹೋಗಬಹುದು. ಮತ್ತೆ ಹೇಳುತ್ತೇನೆ, ಹೊಟ್ಟೆ ಹುಣ್ಣಿಗೆ ಹೆಚ್ಚಿನ ಸಲ ಕಾರಣ ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆ, ಗೆಡ್ಡೆ ಅಲ್ಲ.

ಇನ್ನೂ ಕೆಲವು ಜಾತಿಗಳಿವೆ, ಕಾಲರಾದಂತೆ ನೀರು ನೀರಾಗಿ ಭೇದಿ ಮಾಡಿಸುವುದು, ಚರ್ಮದಲ್ಲಿ ಬೊಕ್ಕೆ ಎಬ್ಬಿಸಿ ಸಕ್ಕರೆ ಏರಿಸುವುದು. ಅವು ತೀರಾ ಅಪರೂಪ, ಇಲ್ಲಿ ಬೇಡ. ಹಾರ್ಮೋನನ್ನೇ ಸುರಿಯದೆ ಸದ್ದಿಲ್ಲದೆ ಬೆಳೆಯುವುದೂ ಬೇಕಾದಷ್ಟು. ಎಲ್ಲವನ್ನೂ ಸೇರಿಸಿ ಈಗ ನ್ಯೂರೋಎಂಡೋಕ್ರೈನ್ ಟ್ಯೂಮರ್ ಎನ್ನುತ್ತಾರೆ.

ಈ ಹೆಸರು ನಮ್ಮ ಊರಿನ ಕಿವಿಗೆ ಬಿದ್ದದ್ದು 2018ರ ಮಾರ್ಚ್‌ನಲ್ಲಿ. ನಟ ಇರ್ಫಾನ್ ಖಾನ್ ತನಗೆ ಈ ಕಾಯಿಲೆ ಎಂದು ಸ್ವತಃ ತಿಳಿಸಿದರು. ನ್ಯೂರೋ ಎಂದ ಕೂಡಲೇ ಎಲ್ಲರೂ ಮಿದುಳಿನ ಗೆಡ್ಡೆ ಎಂದರು, ಟಿವಿಯವರೂ ಹಾಗೆಯೇ ಹೇಳಿದರು. ನ್ಯೂರೋ ಎಂದರೆ ಯಾವಾಗಲೂ ಮಿದುಳೇ ಎಂದಲ್ಲ ಎಂದು ಅವರೇ ಬರೆಯಬೇಕಾಯಿತು. 2020ರ ಏಪ್ರಿಲ್ 29ರಂದು ಮುಂಬೈಯಲ್ಲಿ ತೀರಿಕೊಂಡರು, 53 ವರ್ಷ. ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್‌ಗೆ ಇದ್ದದ್ದೂ ಮೇದೋಜೀರಕದ ಇಂಥದ್ದೇ ಗೆಡ್ಡೆ. 2003ರಲ್ಲಿ ಕಿಡ್ನಿ ನೋಡಲೆಂದು ಮಾಡಿದ ಸ್ಕ್ಯಾನಿನಲ್ಲಿ ಅಕಸ್ಮಾತ್ ಕಂಡಿತು. ಪಥ್ಯ ಗಿಥ್ಯ ಎಂದು ಒಂಬತ್ತು ತಿಂಗಳು ಆಪರೇಷನ್ ಮುಂದೂಡಿದರು. ಎಷ್ಟು ದುಡ್ಡಿದ್ದರೇನು, 2011ರಲ್ಲಿ ಹೋದರು.

ರಕ್ತ ಪರೀಕ್ಷೆ ಹಾರ್ಮೋನು ಉಂಟು ಎಂದು ಹೇಳುತ್ತದೆ, ಗೆಡ್ಡೆ ಎಲ್ಲಿ ಉಂಟು ಎಂದು ಹೇಳುವುದಿಲ್ಲ. ಇನ್ಸುಲಿನ್ ಗೆಡ್ಡೆಗಳು ಹೆಚ್ಚಾಗಿ ಎರಡು ಸೆಂಟಿಮೀಟರಿಗಿಂತ ಸಣ್ಣವು. ಹಿಂದೆ ಸರ್ಜನ್‌ಗಳು ಹೊಟ್ಟೆ ತೆರೆದು ಬೆರಳಿನಿಂದ ಒತ್ತಿ ಒತ್ತಿ ಹುಡುಕುತ್ತಿದ್ದರು. ಸಿಗದಿದ್ದರೆ ಮೇದೋಜೀರಕದ ಬಾಲದ ಅರ್ಧ ಭಾಗವನ್ನು ಕುರುಡು ಲೆಕ್ಕದಲ್ಲಿ ಕತ್ತರಿಸಿ ತೆಗೆಯುವುದೂ ಇತ್ತು. ಆಮೇಲೆ ಸಿ.ಟಿ. ಸ್ಕ್ಯಾನ್ ಬಂತು, ಬಾಯಿಯಿಂದ ಇಳಿಸಿ ಒಳಗಿನಿಂದಲೇ ನೋಡುವ ಅಲ್ಟ್ರಾಸೌಂಡ್ ಬಂತು.

ದೊಡ್ಡ ತಿರುವು ಕೊಟ್ಟದ್ದು 1973ರಲ್ಲಿ ಕುರಿಗಳ ಮಿದುಳಿನಿಂದ ತೆಗೆದ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನು. ಇದು ಉಳಿದ ಹಾರ್ಮೋನುಗಳಿಗೆ ಬ್ರೇಕ್ ಹಾಕುವ ಹಾರ್ಮೋನು. ಅದನ್ನು ಕಂಡುಹಿಡಿದ ತಂಡದ ಮುಖ್ಯಸ್ಥ ಗಿಯ್ಮಾಗೂ 1977ರ ನೊಬೆಲಿನಲ್ಲಿ ಯಾಲೊ ಜೊತೆ ಪಾಲಿತ್ತು. ಈ ಗೆಡ್ಡೆಗಳಲ್ಲಿ ಹೆಚ್ಚಿನವುಗಳ ಮೈಮೇಲೆ ಆ ಬ್ರೇಕ್ ಕೂರುವ ಜಾಗಗಳು ತುಂಬ ಇರುತ್ತವೆ. ಹಾಗಾದರೆ ಅದೇ ಹಾರ್ಮೋನಿನ ನಕಲಿಗೆ ವಿಕಿರಣದ ದೀಪ ಕಟ್ಟಿ ಮೈಯೊಳಗೆ ಬಿಟ್ಟರೆ ಗೆಡ್ಡೆ ಇದ್ದಲ್ಲಿ ಹೋಗಿ ಬೆಳಗಬೇಕಲ್ಲ? 1989ರಲ್ಲಿ ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನ ವೈದ್ಯರು ಅದನ್ನು ಮಾಡಿ ತೋರಿಸಿದರು. ಈಗ ಗ್ಯಾಲಿಯಂ-68 ಕಟ್ಟಿ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಡೊಟಾಟೇಟ್ ಸ್ಕ್ಯಾನ್ ಎಂದು ಚೀಟಿಯಲ್ಲಿ ಬರೆದಿರುತ್ತದೆ.

ಗ್ಯಾಲಿಯಂ-68ರ ವಿಕಿರಣ 68 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ಮಾಡಿ ಶಿರಾಡಿ ಘಾಟಿ ಇಳಿಸಿ ತರುವಾಗ ಏನೂ ಉಳಿಯಲಿಕ್ಕಿಲ್ಲ. ಅದಕ್ಕೆ ಆಸ್ಪತ್ರೆಯಲ್ಲೇ ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳುತ್ತಾರೆ. ಅದರೊಳಗಿನ ಜರ್ಮೇನಿಯಂ ಅರ್ಧವಾಗಲು 271 ದಿನ ಬೇಕು, ಅಲ್ಲಿಯವರೆಗೂ ಗ್ಯಾಲಿಯಂ ಕೊಡುತ್ತಲೇ ಇರುತ್ತದೆ. ಇಂಥ ಯಂತ್ರದಿಂದ ತೆಗೆಯುವುದಕ್ಕೆ ಆ ಕೆಲಸದವರು ಹಾಲು ಕರೆಯುವುದು ಎಂದೇ ಹೇಳುತ್ತಾರೆ. ಒಮ್ಮೆ ಕರೆದ ಮೇಲೆ ಕೆಲವು ಗಂಟೆ ಬಿಟ್ಟರೆ ಮತ್ತೆ ಕೆಚ್ಚಲು ತುಂಬುತ್ತದೆ.

ಇನ್ಸುಲಿನ್ ಗೆಡ್ಡೆ ಮಾತ್ರ ಈ ಸ್ಕ್ಯಾನಿಗೂ ಹಲವು ಸಲ ಕೈಕೊಡುತ್ತದೆ. ಅದಕ್ಕೆ ಎಕ್ಸೆಂಡಿನ್ ಎಂಬ ಬೇರೆ ಪದಾರ್ಥದ ಸ್ಕ್ಯಾನ್ ಇದೆ. ಎಕ್ಸೆಂಡಿನ್ ಮೊದಲು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಒಂದು ವಿಷದ ಹಲ್ಲಿಯ ಜೊಲ್ಲಿನಲ್ಲಿ. ನಮ್ಮ ಉಡವನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ದೀಪದ ಬದಲು ಬೆಂಕಿಯನ್ನೇ ಕಟ್ಟಿ ಕಳಿಸಿದರೆ? ಲುಟೇಶಿಯಂ-177 ಚಿಕಿತ್ಸೆ ಎಂದರೆ ಅದೇ. ಹರಡಿದ ಗೆಡ್ಡೆ ಇರುವವರಿಗೆ ಇದು ಬೆಳವಣಿಗೆಯನ್ನು ಬಹಳ ಕಾಲ ತಡೆಯುತ್ತದೆ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ನಮ್ಮ ದೇಶದ ಆಸ್ಪತ್ರೆಗಳಿಗೆ ಲುಟೇಶಿಯಂ ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಿಂದಲೂ ಬರುತ್ತದೆ. ಧ್ರುವ ಕೆಲಸ ಆರಂಭಿಸಿದ್ದು 1985ರ ಆಗಸ್ಟ್‌ನಲ್ಲಿ, ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾರಾಮಣ್ಣ. ಬಾಂಬಿನ ಸುದ್ದಿಯಲ್ಲಿ ಮಾತ್ರ ನಾವು ಕೇಳಿದ ಹೆಸರು.

ಗೆಡ್ಡೆ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಎಷ್ಟು ಬೇಗ ಬೆಳೆಯುತ್ತಿದೆ ಎಂದು. ಬಯಾಪ್ಸಿ ವರದಿಯಲ್ಲಿ ಕೆಐ-67 ಎಂದು ಒಂದು ಶೇಕಡಾ ಸಂಖ್ಯೆ ಇರುತ್ತದೆ. ಮೂರಕ್ಕಿಂತ ಕಡಿಮೆ ಇದ್ದರೆ ನಿಧಾನದ್ದು, ಇಪ್ಪತ್ತು ದಾಟಿದರೆ ವೇಗದ್ದು. ನಿಮ್ಮ ಮನೆಯವರ ವರದಿ ಬಂದರೆ ಆ ಸಂಖ್ಯೆ ಎಷ್ಟು ಎಂದು ಡಾಕ್ಟರರನ್ನು ಕೇಳಿ. ಕ್ಯಾನ್ಸರ್ ಎಂಬ ಒಂದೇ ಮಾತು ಕೇಳಿ ಎದೆ ಒಡೆದುಕೊಂಡು ಮನೆಗೆ ಬಂದವರನ್ನು ನೋಡಿದ್ದೇನೆ. ಇದೇ ರೋಗ ಇಟ್ಟುಕೊಂಡು ಹತ್ತು ಹದಿನೈದು ವರ್ಷ ಬದುಕುವವರೂ ಇದ್ದಾರೆ. ಪರೀಕ್ಷೆಗಳು ದುಬಾರಿ. ಆಯುಷ್ಮಾನ್ ಕಾರ್ಡಿನಲ್ಲಿ ಯಾವುದು ಸೇರುತ್ತದೆ, ಯಾವುದಕ್ಕೆ ಸರಕಾರಿ ಆಸ್ಪತ್ರೆಯ ಚೀಟಿ ಬೇಕು ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಇನ್ಸುಲಿನ್ ಗೆಡ್ಡೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವಂಥದ್ದು, ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲ. ದೊಡ್ಡಜ್ಜನದ್ದೂ ಅಲ್ಲವಾಗಿತ್ತು. ಆಟದ ಗೋಲಿಯಷ್ಟು ದೊಡ್ಡದು. ಅಷ್ಟು ಸಣ್ಣದ್ದಕ್ಕೆ ಐದು ವರ್ಷ, ಒಂದು ತಂಬಿಲ, ಮೂರು ವರ್ಷದ ಫಿಟ್ಸ್ ಮಾತ್ರೆ, ಅಡವಿಟ್ಟ ದೊಡ್ಡಜ್ಜಿಯ ಬಳೆ. ಮನೆಯಲ್ಲಿ ಹಾಗೆ ಬೀಳುವವರಿದ್ದರೆ ಯಾವ ದಿನ, ಎಷ್ಟು ಗಂಟೆಗೆ, ಕೊನೆಯ ಸಲ ತಿಂದದ್ದು ಯಾವಾಗ, ಏನು ಕೊಟ್ಟಾಗ ಎದ್ದರು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಪಕ್ಕದಲ್ಲಿ ಶುಗರ್ ಯಂತ್ರ ಇರುವವರು ಇದ್ದರೆ ಬಿದ್ದ ಕೂಡಲೇ ಒಂದು ಹನಿ ರಕ್ತ ನೋಡಿ, ಎಚ್ಚರ ಇದ್ದರೆ ಮಾತ್ರ ಸಿಹಿ ಬಾಯಿಗೆ ಹಾಕಿ. ಎಚ್ಚರ ಇಲ್ಲದವರಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಆಗ 108ಕ್ಕೆ ಫೋನ್ ಮಾಡುವುದೇ.

ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೆ ದೊಡ್ಡಜ್ಜ ಡಾಕ್ಟರರ ಒಪ್ಪಿಗೆ ಕೇಳಿ ಮತ್ತೆ ಏಕಾದಶಿ ಮಾಡಿದರು. ದೊಡ್ಡಜ್ಜಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ, ಬೆಲ್ಲದ ನೀರಿನ ಚೆಂಬು ತಲೆದಿಂಬಿನ ಹತ್ತಿರವೇ ಇತ್ತು. ದ್ವಾದಶಿ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಪಾರಣೆಗೆ ಎಲೆ ಹಾಕುವವರೆಗೂ ಅವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.